ಹೆಚ್ಚಿನ ಅಕ್ಕಿ ಬೇಡವೆಂದ ಲಕ್ಕಮ್ಮ



12ನೇ ಶತಮಾನದಲ್ಲಿ ಕಲ್ಯಾಣದ ಆಯ್ದಕ್ಕಿ ಮಾರಯ್ಯನವರು ಬಿದ್ದ ಅಕ್ಕಿ ಆಯ್ದು ತರುತ್ತಿದ್ದರು. ಒಂದು ದಿನ ಜಾಸ್ತಿ ತಂದಾಗ ಹೆಂಡತಿ ಲಕ್ಕಮ್ಮನವರು ಅದನ್ನು ತಿರುಗಿ ಕಳಿಸಿದರೆಂದು ಶರಣರ ಕಥೆ ಹೇಳುತ್ತದೆ.

ನಾವೂ ದುಡಿಯುವವರೇ. ಸೇಡಂ, ಚಿತ್ತಾಪುರ, ಚಿಂಚೋಳಿಯ ತೊಗರಿ ಹೊಲವಿರಲಿ, ವಾಡಿ, ಶಹಾಬಾದ್ ಕಡೆಯ ಕಲ್ಲಿನ ಕೆಲಸವಿರಲಿ, ಗುಂಪಿನ ಮುಂದಾಳಿನ ಕೈಯಲ್ಲಿ ಹಾಜರಿ ಪುಸ್ತಕ ಇರುತ್ತದೆ. ಗುತ್ತಿಗೆ ಕೂಲಿಯನ್ನು ಎಲ್ಲರೂ ಹಂಚಿಕೊಳ್ಳುತ್ತೇವೆ. ಸ್ವಂತ ತಂಗಿ ಅಂತ ಬಾರದವಳ ಹೆಸರು ಬರೆದರೆ, ಬಿಸಿಲಲ್ಲಿ ದುಡಿದವಳ ಪಾಲು ಕಡಿಮೆಯಾಗುತ್ತದೆ. “ಒಂದೇ ದಿನದ್ದು, ಬರಿಯವ್ವ” ಅಂದಾಗ ಇಲ್ಲ ಅನ್ನುವುದು ಕಷ್ಟ. ಮುಂದಾಳುತನದ ಪರೀಕ್ಷೆ ಅಲ್ಲೇ ಇದೆ.

ನಾವು ಮಾಡೋಣ:
1. ಹಾಜರಿಯನ್ನು ಅದೇ ದಿನ ಎಲ್ಲರ ಮುಂದೆ ಓದೋಣ.
2. ರೊಕ್ಕ ಹಂಚಿದ ಲೆಕ್ಕ ಎಲ್ಲರಿಗೂ ತೋರಿಸೋಣ.
3. ತಪ್ಪಾದರೆ ಸಭೆಯಲ್ಲೇ ಒಪ್ಪಿ ತಿದ್ದೋಣ.

ಚರ್ಚೆಗೆ: ನಮ್ಮ ಸಂಘದಲ್ಲಿ “ತಿರುಗಿ ಕೊಡು” ಅನ್ನುವ ಲಕ್ಕಮ್ಮ ಯಾರು?