ಮನ್ನ ನಿಂತ ಮಾರನೇ ದಿನ: ನಾಯಕರಿಗೆ ಹೊಸ ಆರಂಭ

ವಾಕ್ಯಭಾಗ: ಯೆಹೋಶುವ 1:1-9, 5:10-12

ಸಭೆಯ ಹಿರಿಯರು, ಯೌವನಸ್ಥರ ನಾಯಕರು, ಮನೆ ಪ್ರಾರ್ಥನೆ ನಡೆಸೋ ಅಕ್ಕಂದಿರು ಮುಂದೆ ಕೂತಿದ್ದೀರಿ. ಇವತ್ತಿನ ಪಾಠ ಮೊದಲು ನಿಮಗೆ, ಆಮೇಲೆ ಉಳಿದವರಿಗೆ.

ಧರ್ಮೋಪದೇಶಕಾಂಡ 34ರಲ್ಲಿ ಮೋಶೆ ತೀರಿಹೋಗ್ತಾನೆ. ಜನ ಮೋವಾಬಿನ ಬಯಲಲ್ಲಿ 30 ದಿವಸ ಅತ್ತರು. ದೇವರು ಆ ಅಳುವನ್ನು ತಡೆಯಲಿಲ್ಲ, ಗಮನಿಸಿ. ಆದರೆ 30 ದಿವಸ ಆದ ಮೇಲೆ ಯೆಹೋಶುವನ ಹತ್ತಿರ ಮಾತಾಡ್ತಾನೆ. ನನ್ನ ಸೇವಕ ಮೋಶೆ ಸತ್ತಿದ್ದಾನೆ, ನೀನು ಎದ್ದು ಹೊಳೆ ದಾಟು ಅಂತ. ಯೆಹೋಶುವನಿಗೆ ಮೋಶೆ ಸತ್ತಿದ್ದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿರೋದು ಬೇರೆ, ಒಪ್ಪಿಕೊಳ್ಳೋದು ಬೇರೆ, ಪ್ರಿಯರೇ. ಎಷ್ಟೋ ಸಭೆಗಳಲ್ಲಿ ಹಳೇ ಪಾಸ್ಟರ್ ಕರ್ತನ ಬಳಿಗೆ ಹೋಗಿ ಹತ್ತು ವರ್ಷ ಆಗಿರುತ್ತೆ, ಇನ್ನೂ "ಅಯ್ಯನವರ ಕಾಲದಲ್ಲಿ ಹೀಗಿರಲಿಲ್ಲ" ಅಂತಲೇ ಕಮಿಟಿ ಮೀಟಿಂಗ್ ಶುರುವಾಗೋದು!

ನಮ್ಮ ಸೀಮೆಯನ್ನೇ ನೋಡಿ. ದೇವನಹಳ್ಳಿ ಅಂದ್ರೆ ಚಕ್ಕೋತ ಹಣ್ಣು, ದ್ರಾಕ್ಷಿ ತೋಟ, ರೇಷ್ಮೆ. 2008ರ ಮೇ 24ಕ್ಕೆ ವಿಮಾನ ನಿಲ್ದಾಣ ಶುರುವಾಯ್ತು. ಈಗ ಫೋನ್ ತಯಾರಿಸೋ ಕಾರ್ಖಾನೆಯೂ ಬಂದಿದೆ. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದಿನ ಜೊತೆ ಗಾರ್ಮೆಂಟ್ಸ್ ಸೈರನ್ನೂ ಕೇಳುತ್ತೆ. ಹಾಗಂತ ಹೊಸದೆಲ್ಲ ಕರ್ತನಿಂದಲೇ ಬಂತು ಅಂತ ನಾನು ಹೇಳೋದಿಲ್ಲ. ಚನ್ನರಾಯಪಟ್ಟಣ ಹೋಬಳಿಯ ರೈತರು ಭೂಮಿ ಕೊಡೋದಿಲ್ಲ ಅಂತ ಮೂರು ವರ್ಷಕ್ಕೂ ಮೇಲೆ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ 1,777 ಎಕರೆ ಸ್ವಾಧೀನವನ್ನು ಕೈಬಿಟ್ಟಿತು. ಬೇಡ ಅನ್ನೋದಕ್ಕೂ ಒಂದು ಸಮಯ ಇದೆ. ಆದರೆ ಜನರ ವಿಷಯ ಬೇರೆ. ಬೇರೆ ಜಿಲ್ಲೆ, ಬೇರೆ ರಾಜ್ಯದಿಂದ ಬಂದು ಬಾಡಿಗೆ ರೂಮಲ್ಲಿರೋ ಆ ಹುಡುಗಿಯರು, ಆ ತಮ್ಮಂದಿರು ನಮ್ಮ ಬಾಗಿಲಿಗೆ ಬಂದಿದ್ದಾರೆ. ರಾತ್ರಿ ಶಿಫ್ಟ್ ಮುಗಿಸಿದವರು ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಆರಾಧನೆಗೆ ಹೇಗೆ ಬರ್ತಾರೆ? ಸಂಜೆ ಒಂದು ಕೂಟ ಇಡೋಣ ಅಂದರೆ ಮೊದಲು ಅಡ್ಡ ಬರೋರು ಯಾರು? ವಿಶ್ವಾಸಿಗಳಲ್ಲ, ನಾಯಕರು.

ಈಗ 5ನೇ ಅಧ್ಯಾಯಕ್ಕೆ ಬನ್ನಿ. ಯೊರ್ದನ್ ದಾಟಿ ಗಿಲ್ಗಾಲಿನಲ್ಲಿ ಇಳಿದರು, ಪಸ್ಕ ಆಚರಿಸಿದರು, ಕಾನಾನಿನ ಧಾನ್ಯ ತಿಂದರು. ಮಾರನೇ ದಿನ ಮನ್ನ ನಿಂತುಹೋಯ್ತು. 40 ವರ್ಷ ಬಿದ್ದ ಮನ್ನ! ಮನ್ನ ತಿಂದೇ ಬೆಳೆದ ಒಂದು ತಲೆಮಾರಿಗೆ ಬೇರೆ ಊಟದ ರುಚಿಯೇ ಗೊತ್ತಿರಲಿಲ್ಲ. ಆ ಬೆಳಿಗ್ಗೆ ಎಷ್ಟು ತಾಯಂದಿರು ಪಾತ್ರೆ ಹಿಡಿದು ಹೊರಗೆ ಹೋಗಿ ಬರಿಗೈಲಿ ಬಂದಿರಬೇಕು? ವಾಕ್ಯದಲ್ಲಿ ಅದು ಬರೆದಿಲ್ಲ, ನಾನು ಯೋಚನೆ ಮಾಡ್ತೀನಿ ಅಷ್ಟೇ. ದೇವರು ಅವರನ್ನು ಕೈಬಿಟ್ಟನೇ? ಇಲ್ಲ. ಅದೇ ದೇವರು, ಅದೇ ಕೈ, ಬರೋ ದಾರಿ ಬೇರೆ. ಮನ್ನವನ್ನು ಆರಿಸಿಕೊಂಡರೆ ಸಾಕಿತ್ತು, ಧಾನ್ಯಕ್ಕೆ ಉಳಬೇಕು, ಬಿತ್ತಬೇಕು. ನಿಮ್ಮ ಸೇವೆಯಲ್ಲಿ ಮೊದಲು ತಾನಾಗೇ ಆಗ್ತಿದ್ದದ್ದು ಈಗ ಆಗ್ತಿಲ್ಲ ಅಂದ್ರೆ ಅಭಿಷೇಕ ಹೋಯ್ತು ಅಂತ ಹೆದರಬೇಡಿ. ಉಳೋ ಕಾಲ ಬಂದಿರಬಹುದು. ಆಮೆನ್ ಹೇಳ್ತೀರಾ?

ಇಲ್ಲಿ ಕಿಟೆಲ್ ಅವರ ಮಾತು ಹೇಳಬೇಕು. ನಮ್ಮ ಪಂಗಡದವರಲ್ಲ, ಬಾಸೆಲ್ ಮಿಷನ್ನಿನವರು. 1853ರಲ್ಲಿ 21ರ ಹುಡುಗನಾಗಿ ನಮ್ಮ ನಾಡಿಗೆ ಬಂದರು. 1877ರಲ್ಲಿ ಜರ್ಮನಿಗೆ ವಾಪಸ್ ಹೋದರು. ಅಲ್ಲಿಗೆ ಮುಗೀತು ಅನ್ನಬಹುದಿತ್ತು. 1883ರಲ್ಲಿ, 51ನೇ ವಯಸ್ಸಿನಲ್ಲಿ, ನಿಘಂಟಿನ ಕೆಲಸಕ್ಕೆ ಮತ್ತೆ ಹಡಗು ಹತ್ತಿದರು. ಸುಮಾರು 70,000 ಪದಗಳ ಆ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯ್ತು. "ಇನ್ನು ನಮಗೇನು ಪಾಸ್ಟರ್, ವಯಸ್ಸಾಯ್ತು" ಅನ್ನೋ ಅಣ್ಣಂದಿರಿಗೆ ಇದನ್ನ ಹೇಳ್ತಿದ್ದೀನಿ.

ಕೊನೆಯದಾಗಿ ಒಂದು ಕಷ್ಟದ ಮಾತು. ಮೋಶೆ ಯೆಹೋಶುವನನ್ನು ಅಮಾಲೇಕ್ಯರ ಯುದ್ಧಕ್ಕೆ ಕಳಿಸಿದ, ಗುಡಾರದಲ್ಲಿ ಜೊತೆಗೆ ಇಟ್ಟುಕೊಂಡ, ಅರಣ್ಯಕಾಂಡ 27ರಲ್ಲಿ ಎಲ್ಲರ ಮುಂದೆ ಅವನ ಮೇಲೆ ಕೈಯಿಟ್ಟ. ತಾನು ಬದುಕಿರುವಾಗಲೇ ತನ್ನ ಅಧಿಕಾರದಲ್ಲಿ ಪಾಲು ಕೊಟ್ಟ. ಆದರೆ ಯೆಹೋಶುವ ಯಾರ ಮೇಲೆ ಕೈಯಿಟ್ಟ? ಹುಡುಕಿ ನೋಡಿ, ಸಿಗೋದಿಲ್ಲ. 110 ವರ್ಷ ಬದುಕಿದ, ದೇಶವನ್ನು ಹಂಚಿಕೊಟ್ಟ, ನಂಬಿಗಸ್ತನಾಗಿ ತೀರಿಹೋದ. ನ್ಯಾಯಸ್ಥಾಪಕರು 2:10ರಲ್ಲಿ ಕರ್ತನನ್ನು ಅರಿಯದ ಬೇರೊಂದು ತಲೆಮಾರು ಎದ್ದಿತು ಅಂತ ಓದ್ತೀವಿ. ತಪ್ಪು ಯೆಹೋಶುವನದ್ದೇ ಅಂತ ವಾಕ್ಯ ಹೇಳೋದಿಲ್ಲ, ನಾನೂ ಹೇಳೋದಿಲ್ಲ. ಆದರೆ ಹಿರಿಯರೇ, ನಿಮ್ಮ ಸ್ಥಾನಕ್ಕೆ ನಾಳೆ ಬರೋರ ಹೆಸರು ನಿಮಗೆ ಗೊತ್ತಾ? ಅವರ ಕೈಗೆ ಒಂದು ಸಾರಿಯಾದರೂ ಮೈಕ್ ಕೊಟ್ಟಿದ್ದೀರಾ? ಲೆಕ್ಕದ ಪುಸ್ತಕ ತೋರಿಸಿದ್ದೀರಾ? ಆಸ್ಪತ್ರೆ ಭೇಟಿಗೆ ಜೊತೆಗೆ ಕರ್ಕೊಂಡು ಹೋಗಿದ್ದೀರಾ?

ಎಲ್ಲರೂ ಎದ್ದು ನಿಲ್ಲೋಣ. ನಾಯಕರು ಮುಂದೆ ಬನ್ನಿ, ಆದರೆ ಒಬ್ಬರೇ ಬರಬೇಡಿ. ನಿಮಗಿಂತ ಚಿಕ್ಕವರೊಬ್ಬರ ಕೈ ಹಿಡ್ಕೊಂಡು ಬನ್ನಿ. ಶಿಫ್ಟಿಗೆ ಹೋಗೋ ಮಕ್ಕಳಿದ್ದರೆ ಮೊದಲು ಅವರನ್ನ ಕರೀರಿ, ಅವರ ಬಸ್ಸಿಗೆ ಹೊತ್ತಾಗುತ್ತೆ. ಪ್ರಾರ್ಥನೆ ಮಾಡೋಣ.