ಸಮುದ್ರದಲ್ಲಿ ತೇಲುವ ವಸ್ತುಗಳ ಮಾರ್ಗಗಣನೆ



ಬದಾಮಿಗೂ ಪಟ್ಟದಕಲ್ಲಿಗೂ ನಡುವೆ ಗುಡ್ಡಗಳ ಮಡಿಲಲ್ಲಿರುವ ಮಹಾಕೂಟವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಅಲ್ಲಿಯ ಪುಷ್ಕರಿಣಿಗೆ ಬುಗ್ಗೆಯ ನೀರು ಬಂದು ಸೇರುವದು. ಅದರ ಮೇಲೆ ಒಂದು ಎಲೆಯು ಉದುರಿದರೆ ಅದು ಬಿದ್ದಲ್ಲಿಯೇ ನಿಲ್ಲುವದಿಲ್ಲ. ಒಳಬರುವ ನೀರು ಅದನ್ನು ಒಂದು ಕಡೆಗೆ ಒಯ್ಯುವದು. ಗಾಳಿಯು ಇನ್ನೊಂದು ಕಡೆಗೆ ತಳ್ಳುವದು. ಸ್ನಾನಮಾಡುವವರು ಎಬ್ಬಿಸಿದ ತೆರೆಗಳು ಅತ್ತಿತ್ತ ಅಲುಗಿಸುವವು. ಆ ಎಲೆಯು ಕಡೆಗೆ ಯಾವ ಮೆಟ್ಟಿಲನ್ನು ಮುಟ್ಟುವದೆಂದು ಮುಂಚಿತವಾಗಿ ಹೇಳಬಹುದೋ? ಸಮುದ್ರದಲ್ಲಿ ಎಣ್ಣೆ, ಪ್ಲಾಸ್ಟಿಕ್ ಮೊದಲಾದ ಹೊಲಸು ಬಿದ್ದಾಗ ಶಾಸ್ತ್ರಜ್ಞರು ಕೇಳುವ ಪ್ರಶ್ನೆಯೂ ಇದೇ. ಹೇಳಬಹುದು, ಆದರೆ ಒಂದು ಮಿತಿಯೊಳಗೆ ಎಂಬದೇ ಅದರ ಉತ್ತರ.

ಚಲನೆಯ ಕಾರಣಗಳು

ತೇಲುವ ವಸ್ತುವನ್ನು ಮೊದಲನೆಯದಾಗಿ ಸಮುದ್ರದ ಪ್ರವಾಹವು ಒಯ್ಯುವದು. ಎರಡನೆಯದಾಗಿ ಗಾಳಿಯು ತಳ್ಳುವದು. ನೀರಿನ ಮೇಲೆ ಹರಡಿದ ಎಣ್ಣೆಯು ಗಾಳಿಯ ವೇಗದಲ್ಲಿ ನೂರಕ್ಕೆ ಸುಮಾರು ೩ ಪಾಲಿನಷ್ಟು ವೇಗವನ್ನು ಪಡೆಯುವದು. ನೀರಿನಿಂದ ಎತ್ತರವಾಗಿ ನಿಂತ ಪೆಟ್ಟಿಗೆಗೆ ಈ ಪಾಲು ಇನ್ನೂ ಹೆಚ್ಚು. ಮೂರನೆಯದಾಗಿ ತೆರೆಗಳು ತಾವು ಸಾಗುವ ದಿಕ್ಕಿಗೆ ಅದನ್ನು ತುಸುತುಸುವಾಗಿ ಸರಿಸುವವು. ಇದಲ್ಲದೆ ಭೂಮಿಯು ತಿರುಗುವದರಿಂದ ನಮ್ಮ ಉತ್ತರ ಗೋಲಾರ್ಧದಲ್ಲಿ ಗಾಳಿಯು ತಳ್ಳಿದ ನೀರು ನೇರವಾಗಿ ಹೋಗದೆ ಬಲಕ್ಕೆ ಓರೆಯಾಗುವದು. ನಾರ್ವೆ ದೇಶದ ನಾನ್ಸೆನ್ ಎಂಬವನು ೧೮೯೩ರಿಂದ ೧೮೯೬ರ ವರೆಗೆ ಉತ್ತರದ ಹಿಮಸಮುದ್ರದಲ್ಲಿ ಸಂಚರಿಸುವಾಗ ಹಿಮದ ಗಡ್ಡೆಗಳು ಹೀಗೆ ಬಲಕ್ಕೆ ಸರಿಯುವದನ್ನು ಕಂಡನು; ಸ್ವೀಡನ್ ದೇಶದ ಎಕ್ಮನ್ ಎಂಬವನು ೧೯೦೫ರಲ್ಲಿ ಅದರ ಗಣಿತವನ್ನು ಪ್ರಕಟಿಸಿದನು.

ಲೆಕ್ಕದ ಕ್ರಮ

ಓರೆಯಾಗುವದನ್ನು ಸದ್ಯಕ್ಕೆ ಬದಿಗಿಟ್ಟು ಒಂದು ಸುಲಭವಾದ ಲೆಕ್ಕವನ್ನು ಮಾಡೋಣ. ಪ್ರವಾಹವು ದಕ್ಷಿಣಕ್ಕೆ ಗಂಟೆಗೆ ೧ ಕಿಲೋಮೀಟರು ಹರಿಯುತ್ತಿದೆ. ಪಶ್ಚಿಮದಿಂದ ಗಾಳಿಯು ಗಂಟೆಗೆ ೩೦ ಕಿಲೋಮೀಟರು ವೇಗದಿಂದ ಬೀಸುತ್ತಿದೆ ಎನ್ನೋಣ. ಗಾಳಿಯ ಪಾಲು ಪೂರ್ವಕ್ಕೆ ಗಂಟೆಗೆ ೦.೯ ಕಿಲೋಮೀಟರು. ಆರು ಗಂಟೆಗಳಲ್ಲಿ ಎಣ್ಣೆಯು ದಕ್ಷಿಣಕ್ಕೆ ೬ ಕಿಲೋಮೀಟರು, ಪೂರ್ವಕ್ಕೆ ೫.೪ ಕಿಲೋಮೀಟರು ಹೋಗುವದು. ನೀವು ಕಲಿತ ಲಂಬಕೋನ ತ್ರಿಕೋನದ ನಿಯಮದಿಂದ ನೋಡಿದರೆ ಅದು ಹೊರಟ ಸ್ಥಳದಿಂದ ಸುಮಾರು ೮ ಕಿಲೋಮೀಟರು ದೂರದಲ್ಲಿರುವದು. ಆ ಹೊಸ ಸ್ಥಳದ ಪ್ರವಾಹವನ್ನೂ ಗಾಳಿಯನ್ನೂ ತೆಗೆದುಕೊಂಡು ಮುಂದಿನ ಆರು ಗಂಟೆಗಳ ಲೆಕ್ಕವನ್ನು ಮಾಡಬೇಕು. ಗಣಕಯಂತ್ರವು ಸಮುದ್ರದ ನಕಾಶೆಯನ್ನು ಚೌಕಗಳಾಗಿ ವಿಭಾಗಿಸಿ ಇದೇ ಕೂಡುವಿಕೆಯನ್ನು ಸಾವಿರಾರು ಸಲ ಮಾಡುವದು.

ಆದರೆ ಸಣ್ಣ ಸುಳಿಗಳೆಲ್ಲವನ್ನು ಯಾರೂ ಅಳೆಯಲಾರರು. ಆದಕಾರಣ ಲೆಕ್ಕದಲ್ಲಿ ಒಂದೇ ಕಣವನ್ನು ಬಿಡದೆ ಸಾವಿರಾರು ಕಣಗಳನ್ನು ಬಿಟ್ಟು, ಪ್ರತಿಯೊಂದಕ್ಕೂ ಹೆಜ್ಜೆಹೆಜ್ಜೆಗೆ ಚೀಟಿ ಎತ್ತಿದಂತೆ ಒಂದು ಚಿಕ್ಕ ತಳ್ಳುವಿಕೆಯನ್ನು ಕೂಡಿಸುವರು. ಕಡೆಗೆ ಕಣಗಳು ಎಲ್ಲಿ ದಟ್ಟವಾಗಿ ನೆರೆದಿರುವವೋ ಅಲ್ಲಿಯೇ ಹೊಲಸು ಸಿಕ್ಕುವ ಸಂಭವವು ಹೆಚ್ಚು. ದಿನ ಕಳೆದಂತೆ ಈ ಗುಂಪು ಅಗಲವಾಗುವದು. ಆದ್ದರಿಂದ ಪ್ರಾಮಾಣಿಕ ಗಣಿತಜ್ಞನು ಒಂದು ಬಿಂದುವನ್ನು ತೋರಿಸದೆ ಒಂದು ಪ್ರದೇಶವನ್ನು ತೋರಿಸುವನು.

ಪೌಲನ ಹಡಗು

ಅಪೊಸ್ತಲರ ಕೃತ್ಯಗಳ ೨೭ನೆಯ ಅಧ್ಯಾಯವನ್ನು ನೀವೆಲ್ಲರೂ ಓದಿದ್ದೀರಿ. ಬಿರುಗಾಳಿಗೆ ಸಿಕ್ಕಿದ ಪೌಲನ ಹಡಗು ಕೌದವೆಂಬ ಚಿಕ್ಕ ದ್ವೀಪವನ್ನು ದಾಟಿ, ದಿಕ್ಕುಗಾಣದೆ ತೇಲಿ, ಹದಿನಾಲ್ಕನೆಯ ರಾತ್ರಿಯಲ್ಲಿ ಭೂಮಿಯನ್ನು ಸಮೀಪಿಸಿತು. ಸ್ಕಾಟ್ಲೆಂಡಿನ ಜೇಮ್ಸ್ ಸ್ಮಿತ್ ಎಂಬವನು ೧೮೪೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಪರೀಕ್ಷಿಸಿದನು. ಅನುಭವಸ್ಥ ನಾವಿಕರನ್ನು ವಿಚಾರಿಸಿ, ಅಂಥ ಹಡಗು ಗಂಟೆಗೆ ಒಂದೂವರೆ ಮೈಲಿ, ಅಂದರೆ ದಿನಕ್ಕೆ ೩೬ ಮೈಲಿ ತೇಲುವದೆಂದು ಅವನು ಗೊತ್ತುಮಾಡಿದನು. ಕೌದದಿಂದ ಮೆಲೀತೆಗೆ, ಅಂದರೆ ಈಗಿನ ಮಾಲ್ಟಾ ದ್ವೀಪಕ್ಕೆ, ಸುಮಾರು ೪೭೬ ಮೈಲಿ. ಭಾಗಿಸಿ ನೋಡಿರಿ: ಹದಿಮೂರು ದಿನಗಳಿಗೆ ತುಸು ಹೆಚ್ಚು!

ನಮ್ಮ ಪಶ್ಚಿಮ ಸಮುದ್ರ

೨೦೨೫ನೆಯ ಮೇ ೨೫ರಂದು ಎಂ.ಎಸ್.ಸಿ. ಎಲ್ಸಾ ೩ ಎಂಬ ಹಡಗು ೬೪೦ ಸರಕುಪೆಟ್ಟಿಗೆಗಳೊಡನೆ ಕೇರಳದ ಕೊಚ್ಚಿಯ ಆಚೆ ಮುಳುಗಿತು. ದೈವಕೃಪೆಯಿಂದ ಅದರಲ್ಲಿದ್ದ ೨೪ ಜನರೂ ಉಳಿದರು. ಆದರೆ ಪೆಟ್ಟಿಗೆಗಳು ಕೊಲ್ಲಂ ತೀರಕ್ಕೂ ಬಿಳಿಯ ಪ್ಲಾಸ್ಟಿಕ್ ಹರಳುಗಳು ತಿರುವನಂತಪುರದ ತೀರಕ್ಕೂ ಬಂದು ಬಿದ್ದವು. ಇವೆಲ್ಲ ಕೊಚ್ಚಿಗೆ ದಕ್ಷಿಣದಲ್ಲಿವೆ. ಯಾಕಂದರೆ ಮುಂಗಾರಿನ ತಿಂಗಳುಗಳಲ್ಲಿ ನಮ್ಮ ಪಶ್ಚಿಮ ತೀರದ ಪ್ರವಾಹವು ದಕ್ಷಿಣಕ್ಕೆ ಹರಿಯುವದು. ಚಳಿಗಾಲದಲ್ಲಿ ಅದೇ ಪ್ರವಾಹವು ತಿರುಗಿ ಉತ್ತರಕ್ಕೆ ಹರಿಯುವದು. ಅದೇ ಹಡಗು ದಶಂಬರದಲ್ಲಿ ಮುಳುಗಿದ್ದರೆ ಕಾಸರಗೋಡು, ಮಂಗಳೂರುಗಳ ಬಲೆಗಾರರು ಆ ಹರಳುಗಳಿಗಾಗಿ ಅಂಜಬೇಕಾಗಿತ್ತು.

೧೯೯೯ರಲ್ಲಿ ಸ್ಥಾಪಿತವಾದ ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಸಮುದ್ರದಲ್ಲಿ ಚೆಲ್ಲಿದ ಎಣ್ಣೆಯ ಮಾರ್ಗವನ್ನು ಈ ಕ್ರಮದಿಂದ ಗಣಿಸುವದು. ೨೦೧೬ರಿಂದ ಅದು ಸಮುದ್ರದಲ್ಲಿ ಕಾಣದೆ ಹೋದ ಮನುಷ್ಯರನ್ನೂ ದೋಣಿಗಳನ್ನೂ ಹುಡುಕಬೇಕಾದ ಪ್ರದೇಶವನ್ನು ತೋರಿಸುವ ಗಣನೆಯನ್ನೂ ಒದಗಿಸುತ್ತಿದೆ. ಕಸದ ಮಾರ್ಗವನ್ನು ತೋರಿಸುವ ಗಣಿತವೇ ಒಂದು ಮನೆಯ ತಂದೆಯನ್ನು ಮರಳಿ ತಂದುಕೊಡುವಂಥಾದ್ದು.

ನಮ್ಮ ಹೊಳೆಯೂ ಪೂರ್ವಸಮುದ್ರವೂ

ಸಮುದ್ರವು ನಮಗೆ ದೂರವೆಂದು ನೆನಸಬೇಡಿರಿ. ಮಹಾಕೂಟದಿಂದ ಕೆಲವೇ ಮೈಲಿ ಆಚೆಗೆ ಪಟ್ಟದಕಲ್ಲಿನಲ್ಲಿ ಮಲಪ್ರಭೆಯು ಉತ್ತರಾಭಿಮುಖವಾಗಿ ಹರಿದು, ಐಹೊಳೆಯನ್ನು ದಾಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವದು. ಕೃಷ್ಣೆಯು ಆಂಧ್ರದ ಹಂಸಲದೀವಿಯ ಬಳಿ ಬಂಗಾಳ ಉಪಸಾಗರವನ್ನು ಸೇರುವದು. ನಾರಾಯಣಪುರ, ಶ್ರೀಶೈಲ, ನಾಗಾರ್ಜುನಸಾಗರ ಮುಂತಾದ ಅಣೆಕಟ್ಟುಗಳು ದಾರಿಯಲ್ಲಿ ಬಹಳಷ್ಟನ್ನು ತಡೆದು ನಿಲ್ಲಿಸುವವು. ಆದರೆ ೨೦೧೯ನೆಯ ಅಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳನ್ನು ಹೊಕ್ಕಂಥ ಮಹಾಪೂರವು ಬಂದಾಗ ದಡದ ಮೇಲೆ ಬಿಟ್ಟದ್ದೆಲ್ಲ ಹೊಳೆಯ ಪಾಲಾಗುವದು. ಹೀಗೆ ಅಣೆಕಟ್ಟುಗಳನ್ನು ದಾಟಿ ಅಕ್ಟೋಬರದ ಹೊತ್ತಿಗೆ ಸಮುದ್ರವನ್ನು ಸೇರಿದ ವಸ್ತುವನ್ನು ಪೂರ್ವತೀರದ ಪ್ರವಾಹವು ದಕ್ಷಿಣಕ್ಕೆ, ತಮಿಳುನಾಡಿನ ಕಡೆಗೆ ಒಯ್ಯುವದು; ಮಾರ್ಚಿನಲ್ಲಿ ಸೇರಿದ್ದನ್ನು ಉತ್ತರಕ್ಕೆ, ಒಡಿಶಾದ ಕಡೆಗೆ ಒಯ್ಯುವದು.

ಇದರಿಂದ ಕಲಿಯತಕ್ಕದ್ದೇನು? ಬಿಸಾಡಿದ ವಸ್ತುವು ಕಣ್ಣಿಗೆ ಮರೆಯಾದರೂ ಲೆಕ್ಕಕ್ಕೆ ಮರೆಯಾಗುವದಿಲ್ಲ. ಅದರ ದಾರಿಯನ್ನು ಮುಂದಕ್ಕೆ ಗಣಿಸುವಂತೆಯೇ ಹಿಂದಕ್ಕೂ ಗಣಿಸಿ, ಅದು ಎಲ್ಲಿಂದ ಬಂದಿರಬಹುದೆಂದು ಊಹಿಸಬಹುದು. ನೆರೆಯವಳ ಅಂಗಳಕ್ಕೆ ಕಸ ಚೆಲ್ಲಲು ನಾಚುವ ನಾವು, ಹೊಳೆಯ ಕೆಳಗಡೆಯಲ್ಲಿಯೂ ಕಡಲ ದಡದಲ್ಲಿಯೂ ನಮ್ಮ ನೆರೆಯವರು ಇದ್ದಾರೆಂಬದನ್ನು ತಿಳಿದು ನಡೆಯಬೇಕು. ಪುಷ್ಕರಿಣಿಯಲ್ಲಿ ಎಲೆಯನ್ನು ಕಂಡಾಗ ಐದು ನಿಮಿಷ ನಿಂತು, ಅದು ಯಾವ ಮೆಟ್ಟಿಲನ್ನು ಸೇರುವದೆಂದು ಮುಂಚಿತವಾಗಿ ಬರೆದಿಟ್ಟು ಪರೀಕ್ಷಿಸಿರಿ. ಈ ಶಾಸ್ತ್ರದ ಮೊದಲನೆಯ ಪಾಠವು ಅದೇ.