ಒಂದೇ ಕೊಠಡಿಯಲ್ಲಿ ಇರಿಸಬಾರದ ರಾಸಾಯನಿಕಗಳು: ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ

ಪೀಠಿಕೆ

ರಾಸಾಯನಿಕ ಅಪಾಯವೆಂದರೆ ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಸಂಬಂಧಿಸಿದ ವಿಷಯವೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಪೊನ್ನಂಪೇಟೆ ತಾಲ್ಲೂಕಿನಂತಹ ಕಾಫಿ ಪ್ರದೇಶದಲ್ಲಿ ಬ್ಲೀಚಿಂಗ್ ಪುಡಿ, ಪಟಿಕ, ಫಿನೈಲ್, ಶೌಚಾಲಯ ತೊಳೆಯುವ ಆಮ್ಲ, ಮೈಲುತುತ್ತ, ಸುಣ್ಣ, ಯೂರಿಯಾ, ಇಲಿ ಪಾಷಾಣ ಮೊದಲಾದವು ಪಂಚಾಯಿತಿಯ ದಾಸ್ತಾನು ಕೊಠಡಿಯಲ್ಲೋ ತೋಟದ ಗೋದಾಮಿನಲ್ಲೋ ನಿತ್ಯವೂ ಇರುತ್ತವೆ. ಇವುಗಳಲ್ಲಿ ಕೆಲವು ಪ್ರತ್ಯೇಕವಾಗಿದ್ದಾಗ ಶಾಂತವಾಗಿದ್ದು, ಮತ್ತೊಂದರೊಡನೆ ಬೆರೆತಾಗ ವಿಷಾನಿಲ, ತೀವ್ರ ಶಾಖ ಅಥವಾ ಬೆಂಕಿಯನ್ನು ಉಂಟುಮಾಡುತ್ತವೆ. ಇಂತಹವನ್ನು ಪರಸ್ಪರ ಹೊಂದಿಕೆಯಾಗದ ರಾಸಾಯನಿಕಗಳು ಎನ್ನುತ್ತಾರೆ.

ನೀರು ಸಹ ಹೊಂದಿಕೆಯಾಗದ ವಸ್ತುವಾಗಬಲ್ಲದು. 1984ರ ಡಿಸೆಂಬರ್ 2-3ರ ರಾತ್ರಿ ಭೋಪಾಲದಲ್ಲಿ ಮೀಥೈಲ್ ಐಸೋಸೈನೇಟ್ ತುಂಬಿದ್ದ ತೊಟ್ಟಿಯೊಳಗೆ ನೀರು ಸೇರಿದುದರಿಂದಲೇ ದುರಂತದ ಸರಪಳಿ ಆರಂಭವಾಯಿತು. ಮುಂಗಾರಿನಲ್ಲಿ ತಿಂಗಳುಗಟ್ಟಲೆ ತೇವ ಆರದ ಕೊಡಗಿನಲ್ಲಿ ಈ ಅಂಶ ವಿಶೇಷ ಗಮನಕ್ಕೆ ಅರ್ಹವಾಗಿದೆ.

ಬ್ಲೀಚಿಂಗ್ ಪುಡಿ: ಎರಡು ಬಗೆಯ ನಷ್ಟ

ಹೊಸ, ಉತ್ತಮ ದರ್ಜೆಯ ಬ್ಲೀಚಿಂಗ್ ಪುಡಿಯಲ್ಲಿ ಸುಮಾರು ಶೇ. 33ರಷ್ಟು ಲಭ್ಯ ಕ್ಲೋರಿನ್ ಇರುತ್ತದೆ. ತೇವ, ಬಿಸಿಲು ಮತ್ತು ಗಾಳಿಗೆ ತೆರೆದಿಟ್ಟರೆ ಅದು ದಿನೇ ದಿನೇ ಕುಗ್ಗುತ್ತದೆ. 1,000 ಲೀಟರ್ ನೀರಿಗೆ 2.5 ಗ್ರಾಂ ಎಂಬ ವಾಡಿಕೆಯ ಲೆಕ್ಕದಂತೆ 50,000 ಲೀಟರಿನ ಓವರ್‌ಹೆಡ್ ಟ್ಯಾಂಕಿಗೆ 125 ಗ್ರಾಂ ಪುಡಿ ಬೇಕು. ಹೊಸ ಪುಡಿಯಾದರೆ ಪ್ರತಿ ಲೀಟರ್ ನೀರಿಗೆ ಸುಮಾರು 0.8 ಮಿಲಿಗ್ರಾಂ ಕ್ಲೋರಿನ್ ದೊರೆಯುತ್ತದೆ. ಅದೇ ಪುಡಿಯ ಶಕ್ತಿ ಶೇ. 15ಕ್ಕೆ ಇಳಿದಿದ್ದರೆ ದೊರೆಯುವುದು 0.4 ಮಿಲಿಗ್ರಾಂಗಿಂತಲೂ ಕಡಿಮೆ. ಮಳೆಗಾಲದ ಕದಡಿದ ನೀರಿನ ಕಲ್ಮಶವೇ ಅದನ್ನು ನುಂಗಿಬಿಡಬಹುದು. ಪುಡಿ ಹಾಕಿದ ದಾಖಲೆ ಪುಸ್ತಕದಲ್ಲಿರುತ್ತದೆ, ರೋಗಾಣು ನೀರಿನಲ್ಲಿರುತ್ತದೆ. ಆದುದರಿಂದ ನಲ್ಲಿಯ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇದೆಯೇ ಎಂಬುದನ್ನು ಕ್ಲೋರೋಸ್ಕೋಪ್‌ನಿಂದ ಪರೀಕ್ಷಿಸುವುದೊಂದೇ ನಂಬಲರ್ಹ ಮಾರ್ಗ.

ಎರಡನೆಯ ನಷ್ಟ ಬೆರಕೆಯಿಂದ ಒದಗುವಂಥದು.

1. ಆಮ್ಲದೊಡನೆ: ಕ್ಲೋರಿನ್ ಅನಿಲ ಹೊರಬರುತ್ತದೆ. ಶೌಚಾಲಯಕ್ಕೆ ಬ್ಲೀಚಿಂಗ್ ಪುಡಿ ಎರಚಿ, ಅದರ ಮೇಲೆಯೇ ಆಮ್ಲ ಸುರಿಯುವ ರೂಢಿ ಸ್ವಚ್ಛತಾ ಸಿಬ್ಬಂದಿಯ ಶ್ವಾಸಕೋಶಕ್ಕೆ ನೇರ ಅಪಾಯ. ಪಟಿಕದ ದ್ರಾವಣವೂ ಆಮ್ಲಗುಣವುಳ್ಳದ್ದು. ಎರಡನ್ನೂ ಒಂದೇ ಬಕೆಟ್ಟಿನಲ್ಲಿ ಕಲಸಬಾರದು.
2. ಯೂರಿಯಾ ಅಥವಾ ಅಮೋನಿಯಂ ಗೊಬ್ಬರದೊಡನೆ: ವಿಷಕಾರಿ ಕ್ಲೋರಮೈನ್ ಅನಿಲಗಳೂ, ಕೆಲವೊಮ್ಮೆ ಸ್ಫೋಟಕ ಗುಣದ ಸಂಯುಕ್ತವೂ ಉಂಟಾಗುತ್ತವೆ.
3. ಡೀಸೆಲ್, ಸೀಮೆಎಣ್ಣೆ, ಕಪ್ಪು ಫಿನೈಲ್, ಮರದ ಹೊಟ್ಟಿನೊಡನೆ: ಶಾಖವೇರಿ ಬೆಂಕಿ ಹೊತ್ತಿಕೊಳ್ಳಬಹುದು. ಜನರೇಟರಿನ ಡೀಸೆಲ್ ಕ್ಯಾನಿನ ಪಕ್ಕದಲ್ಲಿ ಪುಡಿಯ ಚೀಲ ಇರಿಸುವುದು ಈ ಕಾರಣಕ್ಕೆ ನಿಷಿದ್ಧ.

ತೋಟದ ಗೋದಾಮು

ಕಾಫಿ ಮತ್ತು ಕಾಳುಮೆಣಸಿಗೆ ಸಿಂಪಡಿಸುವ ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ತಲಾ 1 ಕಿಲೋ ಮೈಲುತುತ್ತ ಮತ್ತು ಸುಣ್ಣ ಬೇಕು. ಮೈಲುತುತ್ತದ ದ್ರಾವಣ ಕಬ್ಬಿಣವನ್ನು ತಿನ್ನುವುದರಿಂದ ಪ್ಲಾಸ್ಟಿಕ್ ಪಾತ್ರೆಯನ್ನೇ ಬಳಸಬೇಕು. ಅರಳಿಸದ ಸುಟ್ಟ ಸುಣ್ಣದ ಚೀಲಕ್ಕೆ ಸೋರುವ ಮಾಡಿನ ನೀರು ಬಿದ್ದರೆ ಹುಟ್ಟುವ ಶಾಖ ಅಕ್ಕಪಕ್ಕದ ಗೋಣಿಯನ್ನು ಹೊತ್ತಿಸುವಷ್ಟಿರುತ್ತದೆ. ಸುಣ್ಣ ಅಮೋನಿಯಂ ಗೊಬ್ಬರದೊಡನೆ ಸೇರಿದರೆ ಅಮೋನಿಯಾ ಹಾರಿಹೋಗಿ, ಗೊಬ್ಬರದ ಸತ್ವವೂ ಕೆಲಸಗಾರರ ಕಣ್ಣೂ ಕೆಡುತ್ತವೆ. ಇಲಿ ಪಾಷಾಣವಾದ ಜಿಂಕ್ ಫಾಸ್ಫೈಡ್ ಆಮ್ಲ ಅಥವಾ ತೇವ ತಗುಲಿದರೆ ಮಾರಕವಾದ ಫಾಸ್ಫೀನ್ ಅನಿಲವನ್ನು ಬಿಡುತ್ತದೆ.

ದಾಸ್ತಾನಿನ ಕ್ರಮಗಳು

ಅ) ಬ್ಲೀಚಿಂಗ್ ಪುಡಿಗೆ ಗಾಳಿಯಾಡುವ, ಬಿಸಿಲು ಬೀಳದ ಪ್ರತ್ಯೇಕ ಕೊಠಡಿ ಇರಲಿ. ಪಂಪ್‌ಹೌಸಿನಲ್ಲಿರಿಸಿದರೆ ಅದರ ಆವಿಯಿಂದ ಸ್ಟಾರ್ಟರ್ ಮತ್ತು ತಂತಿಗಳೂ ತುಕ್ಕು ಹಿಡಿಯುತ್ತವೆ.
ಆ) ಚೀಲಗಳನ್ನು ನೆಲದಿಂದ ಎತ್ತರದ ಸಿಮೆಂಟ್ ಕಟ್ಟೆಯ ಮೇಲೆ, ಗೋಡೆಗೆ ತಾಗದಂತೆ ಇರಿಸಬೇಕು. ತೆರೆದ ಪುಡಿ ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿರಲಿ.
ಇ) ಮಳೆಗಾಲಕ್ಕೆ ಮುನ್ನವೇ ವರ್ಷದ ಪುಡಿಯನ್ನೆಲ್ಲ ತರಿಸದೆ ಕಂತುಗಳಲ್ಲಿ ಖರೀದಿಸಬೇಕು, ತಯಾರಿಕೆಯ ದಿನಾಂಕ ನೋಡಿ ಹಳೆಯದನ್ನು ಮೊದಲು ಬಳಸಬೇಕು.
ಈ) ಆಮ್ಲ, ಇಂಧನ, ಗೊಬ್ಬರ, ಕೀಟನಾಶಕ ಇವುಗಳಿಗೆ ಬೇರೆ ಬೇರೆ ಸ್ಥಳ ನಿಗದಿಯಾಗಬೇಕು. ದ್ರವಗಳು ಕೆಳಗಿನ ಹಲಗೆಯಲ್ಲಿರಲಿ. ಕುಡಿಯುವ ನೀರಿನ ಬಾಟಲಿಗೆ ಯಾವುದನ್ನೂ ತುಂಬಬಾರದು.
ಉ) 2018 ಮತ್ತು 2019ರ ಆಗಸ್ಟ್ ತಿಂಗಳ ಪ್ರವಾಹಗಳನ್ನು ನೆನಪಿನಲ್ಲಿಟ್ಟು, ಹೊಳೆದಂಡೆಯ ತಗ್ಗಿನ ಕಟ್ಟಡಗಳಲ್ಲಿ ದಾಸ್ತಾನು ಮಾಡಬಾರದು.

ಅವಘಡ ಸಂಭವಿಸಿದಲ್ಲಿ

ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದುದರಿಂದ ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿ ಬೀಸಿಬರುವ ದಿಕ್ಕಿಗೆ, ಎತ್ತರದ ಜಾಗಕ್ಕೆ ಜನರನ್ನು ಸರಿಸಬೇಕು. ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ಶುದ್ಧ ನೀರಿನಿಂದ ತೊಳೆದು ಆಸ್ಪತ್ರೆಗೆ ಒಯ್ಯಬೇಕು. ಬ್ಲೀಚಿಂಗ್ ಪುಡಿಗೆ ಬೆಂಕಿ ತಗುಲಿದರೆ ದೂರದಿಂದ ಧಾರಾಳವಾಗಿ ನೀರು ಹಾಯಿಸಬೇಕು. ಕಚೇರಿಗಳಲ್ಲಿ ಸಾಮಾನ್ಯವಾಗಿರುವ ಒಣಪುಡಿಯ ಅಗ್ನಿಶಾಮಕದಲ್ಲಿ ಅಮೋನಿಯಂ ಲವಣವಿರುವುದರಿಂದ ಅದನ್ನು ಇಲ್ಲಿ ಬಳಸಬಾರದು. ತುರ್ತು ಕರೆಗೆ 112, ಆಂಬ್ಯುಲೆನ್ಸ್‌ಗೆ 108.

ಸದಸ್ಯರು ಚರ್ಚಿಸಬೇಕಾದ ಪ್ರಶ್ನೆಗಳು

1. ಪಂಚಾಯಿತಿಯ ದಾಸ್ತಾನು ಕೊಠಡಿಯಲ್ಲಿ ಈಗ ಯಾವ ಯಾವ ರಾಸಾಯನಿಕಗಳು ಅಕ್ಕಪಕ್ಕದಲ್ಲಿವೆ?
2. ಕೊನೆಯ ಮನೆಯ ನಲ್ಲಿಯಲ್ಲಿ ಉಳಿಕೆ ಕ್ಲೋರಿನ್ ಪರೀಕ್ಷೆ ನಡೆದದ್ದು ಯಾವಾಗ?
3. ನೀರುಗಂಟಿಗೂ ಸ್ವಚ್ಛತಾ ಸಿಬ್ಬಂದಿಗೂ ಕೈಗವಸು, ಕನ್ನಡಕ, ಮುಖಗವಸು ಒದಗಿಸಲಾಗಿದೆಯೇ? ಯಾವುದರೊಡನೆ ಯಾವುದನ್ನು ಬೆರೆಸಬಾರದೆಂಬ ಪಟ್ಟಿ ಕೊಠಡಿಯ ಬಾಗಿಲಿನ ಮೇಲೆ ಕನ್ನಡದಲ್ಲಿ ಇದೆಯೇ?

ಈ ಪ್ರಶ್ನೆಗಳಿಗೆ ಉತ್ತರವನ್ನು ಕಡತದಲ್ಲಿ ಹುಡುಕದೆ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಡನೆ ಕೊಠಡಿಯ ಬಾಗಿಲು ತೆರೆಸಿ ನೋಡಿಯೇ ಪಡೆಯುವುದು ಸೂಕ್ತ.